ಹಾಗಲಕಾಯಿ ಬಿಟ್ಟಂಥ ಶಿಕ್ಷೆ

ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯ ದಡದಲ್ಲಿ ಬಿಡಬೇಕು. ಮತ್ತೆ ಅದನ್ನು ಬಾಯಿಗಿಡುವಂತಿಲ್ಲ. ಯಜಮಾನರಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಬಂದ ಹೊಸತರಲ್ಲಿ ನಾನು ಮಾವಿನಹಣ್ಣು ಬಿಟ್ಟೆ. ಅವರು ಹಾಗಲಕಾಯಿ ಬಿಟ್ಟರು. ಮದುವೆಯಾದಾಗಿನಿಂದ ಅವರು ಅದನ್ನು ಮುಟ್ಟಿದ್ದನ್ನೇ ನಾನು ಕಂಡಿಲ್ಲ.

ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಕೆಳಗಿನ ಕೋಣೆಯಲ್ಲಿ ಮಂಡ್ಯದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಹಿಂದೆ ಮುಂದೆ ಯಾರೂ ಇಲ್ಲ. ಕಾಶಿಯಲ್ಲೇ ದೇಹ ಬಿಡಬೇಕೆಂದು ಬಂದವರು ತಮ್ಮ ಕ್ರಿಯೆಯ ಖರ್ಚಿಗೆಂದೇ ಒಂದಿಷ್ಟು ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದರು. “ಸತ್ತ ಮೇಲೂ ಯಾರ ಹಂಗೂ ಬ್ಯಾಡ ಕಣಮ್ಮ” ಎನ್ನುತ್ತಿದ್ದರು. ನಾನು ಹೆಣ ಸುಡುವ ಹರಿಶ್ಚಂದ್ರ ಘಾಟಿನ ಕಡೆ ಹೋಗಿಬಂದಾಗಲೆಲ್ಲ ತಪ್ಪದೆ ದರ ಕೇಳುವರು: “ಸೌದೆ ಈಗ ಹೆಂಗಂತೆ?”

ಬ್ಯಾಂಕಿನ ಮ್ಯಾನೇಜರ್ ಈ ಊರಿನವನೇ. ಸದಾ ಬಾಯಲ್ಲಿ ಪಾನು. ಅಜ್ಜಿಯನ್ನು ಕಂಡರೆ “ಮಾತಾಜಿ” ಎಂದು ಕಾಲು ಮುಟ್ಟುತ್ತಿದ್ದ. ಹಾಗೆ ಮುಟ್ಟುತ್ತಲೇ ಒಂದು ದಿನ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಣವನ್ನೆಲ್ಲ ತನ್ನ ಹೆಂಡತಿಯ ಖಾತೆಗೆ ದಾಟಿಸಿಬಿಟ್ಟ. ಪಾಸ್‌ಬುಕ್ ಎಂಟ್ರಿ ಮಾಡಿಸಲು ನಾನು ಹೋದಾಗಲೇ ಗೊತ್ತಾದದ್ದು. ಅಂದಿನಿಂದ ಅಜ್ಜಿ ಸೌದೆಯ ಮಾತೆತ್ತಲಿಲ್ಲ. ಘಾಟಿನ ಹೊಗೆ ಕಂಡರೆ ಮುಖ ತಿರುಗಿಸುವರು.

ಯಜಮಾನರು ಪೊಲೀಸರಿಗೆ ದೂರು ಕೊಡಿಸಿದರು, ಬ್ಯಾಂಕಿನ ಮೇಲಿನವರಿಗೆ ಬರೆದರು. ದೇವರು ದೊಡ್ಡವನು, ಹಣ ಬಡ್ಡಿ ಸಮೇತ ವಾಪಸು ಬಂತು. ಮ್ಯಾನೇಜರನಿಗೆ? ಒಂದು ಇನ್‌ಕ್ರಿಮೆಂಟ್ ತಡೆದು ಬೇರೆ ಊರಿಗೆ ವರ್ಗ ಮಾಡಿದರು, ಅಷ್ಟೇ.

“ಗಲ್ಲಿಯಲ್ಲಿ ಪರ್ಸ್ ಎಗರಿಸಿದವನನ್ನು ಒದ್ದು ಒಳಗೆ ಹಾಕ್ತಾರೆ. ಇವನಿಗೆ ವರ್ಗವಂತೆ ವರ್ಗ!” ಯಜಮಾನರು ಕೂಗಾಡಿದರು.

“ನೀನು ಹಾಗಲಕಾಯಿ ಬಿಟ್ಟಲ್ಲಪ್ಪ, ಇದೂ ಹಂಗೇಯ” ಎಂದರು ಅಜ್ಜಿ.

ಊರು ಬಿಡುವ ಮುಂಚೆ ಆ ಮ್ಯಾನೇಜರ್ ಪೇಡೆಯ ಡಬ್ಬಿ ಹಿಡಿದು ಬಂದ. ಪೊಲೀಸರಿಗೆ ಕೊಟ್ಟ ದೂರನ್ನು ಅಜ್ಜಿ ವಾಪಸು ತೆಗೆದುಕೊಳ್ಳಬೇಕಂತೆ. ಹೆಬ್ಬೆಟ್ಟಿಗೆ ಕಾಗದವನ್ನೂ ತಂದಿದ್ದ. ಮತ್ತೆ ಹೆಬ್ಬೆಟ್ಟು! “ಒತ್ತಬೇಡಿ ಅಜ್ಜಿ” ಎಂದೆ.

“ಇವನ ಹಿಂದೆ ಕೋರ್ಟು ಅಲಿಯಕ್ಕಾ ನಾನು ಕಾಶಿಗೆ ಬಂದಿರೋದು? ಕೇಳು ಅವನ್ನ, ಕಾಶೀಲಿ ಏನು ಬಿಟ್ಟವ್ನೆ ಅಂತ.”

ಹಿಂದಿಯಲ್ಲಿ ಕೇಳಿದೆ. ಅವನು ನಕ್ಕ. “ಬೆಹನ್‌ಜಿ, ಇಲ್ಲೇ ಹುಟ್ಟಿದವರು ನಾವು. ಬಿಡೋದೆಲ್ಲ ಹೊರಗಿನಿಂದ ಬಂದವರಿಗೆ.”

“ಪಾನು ಬಿಡಕ್ಕೇಳು. ಆಮೇಲೆ ಹೆಬ್ಬೆಟ್ಟು.”

ನಾನು ಹೇಳಿದ್ದೇ ತಡ, ಅವನ ಮುಖ ಕಪ್ಪಿಟ್ಟಿತು. ವರ್ಗದ ಆರ್ಡರ್ ಕೈಗೆ ಬಂದಾಗಲೂ ಹಾಗಾಗಿರಲಿಕ್ಕಿಲ್ಲ. ಸುಪಾರಿ ಆಗಬಹುದೇ, ಹೊಗೆಸೊಪ್ಪಿನ ಜರ್ದಾ ಮಾತ್ರ ಬಿಟ್ಟರೆ ಸಾಲದೇ ಎಂದೆಲ್ಲ ಚೌಕಾಸಿ ಮಾಡಿದ. ಅಜ್ಜಿ ಕೋಲೂರಿಕೊಂಡು ಘಾಟಿನ ಕಡೆ ಹೊರಟೇಬಿಟ್ಟರು. ಹಿಂದೆ ಅವನು, ಅವನ ಹಿಂದೆ ನಾನು.

“ಮೊದಲು ಉಗಿದು ಬಾಯಿ ತೊಳ್ಕಳಕ್ಕೇಳು, ಗಂಗಮ್ಮನಲ್ಲಲ್ಲ, ಅತ್ಲಾಗೆ!”

ತೊಳೆದ. ನೀರಿಗಿಳಿದು ಬೊಗಸೆ ತುಂಬಿ ಸಂಕಲ್ಪ ಮಾಡಿದ. ಅಜ್ಜಿ ಮೆಟ್ಟಿಲ ಮೇಲೆ ಕುಳಿತು, ಆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಹೆಬ್ಬೆಟ್ಟು ಒತ್ತಿದರು.

ಅವನು ಜೈಲು ಕಾಣಬೇಕಿತ್ತೆಂದೇ ನಾನು ಈಗಲೂ ಹೇಳುತ್ತೇನೆ. ಹೊಸ ಊರಿನಲ್ಲಿ ಪಾನು ಹಾಕುತ್ತಿದ್ದಾನೋ ಇಲ್ಲವೋ, ಆ ವಿಶ್ವನಾಥನಿಗೇ ಗೊತ್ತು. ಆದರೆ ಅವತ್ತು ಹಿಂತಿರುಗುವಾಗ ಅಜ್ಜಿ ಮೆಟ್ಟಿಲ ನಡುವೆ ನಿಂತರು. ಹರಿಶ್ಚಂದ್ರ ಘಾಟಿನ ಹೊಗೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ನನ್ನ ತೋಳು ತಿವಿದರು.

“ಸೌದೆ ಈಗ ಹೆಂಗಂತೆ?”

ನಾನು ನಿಂತಲ್ಲಿಂದಲೇ ಕೇದಾರೇಶ್ವರನಿಗೆ ಕೈಮುಗಿದೆ.