ಬೀಸುಕಲ್ಲಿನ ಮುಂದೆ ತವರಿನ ಬಾಗಿಲು

ನಾ ಹಾಡೂದು ಸುಳ್ಳೇನು? ಚಿಮ್ಮಡದ ಹಾದಿಯಲ್ಲಿ, ಬೆಳಕು ಹರಿಯುವ ಮುಂಚೆ, ಲಗಮವ್ವ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಯಾರ ಮುಂದೂ ಆಡಿದ ಮಾತಲ್ಲ ಇದು. ಕೋಳಿ ಕೂಗುವ ಹೊತ್ತಿಗೆ ಆ ಊರಿನ ಶಂಕ್ರೆವ್ವನ ಮನೆ ಮುಟ್ಟಿ, ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತು, ಗೂಟಕ್ಕೆ ಕೈ ಹಚ್ಚುತ್ತಾಳೆ.

ಬನಹಟ್ಟಿಯ ಈ ಹೆಣ್ಣುಮಗಳು ಹನ್ನೆರಡು ವರ್ಷದಿಂದ ಯೇಸುಸ್ವಾಮಿ ಹೇಳಿದ ಕತೆಗಳನ್ನು ಬೀಸುವ ಪದ ಮಾಡಿ ಹಾಡುತ್ತಿದ್ದಾಳೆ. ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂತು, ಹಿಂದೆಯೇ ಹಿಟ್ಟಿನ ಗಿರಣಿಯೂ ಬಂತು. ಅವಳು ಬೀಸಿ ಹಾಡುವ ಮನೆ ದಿನಕ್ಕೆ ಏಳು ಇದ್ದದ್ದು ಈಗ ಮೂರು. ಮೂರೂ ಕಡೆ ಸೇರಿ ಬೀಸುವುದು ಆರು ಸೇರು ಜೋಳ. ಮೊದಲ ವರ್ಷ ಚಿತ್ರದ ಹಾಳೆ ಹಿಡಿದು ಅಂಗಳದಲ್ಲಿ ನಿಂತು ಹೇಳುತ್ತಿದ್ದಳಂತೆ. "'ನಿಂತು ಏನ್ ಹೇಳ್ತಿ ಬೇ, ಕುಂತು ಬೀಸು ಬಾ' ಅಂದ್ರು. ಕುಂತೆ. ಇನ್ನೂ ಎದ್ದಿಲ್ಲ ನೋಡ್ರಿ."

ಅವಳಿಗೆ ಮೆಚ್ಚಿನ ಕತೆ, ಪಾಲು ತಗೊಂಡು ಮನೆ ಬಿಟ್ಟ ಮಗನದು. ಎಲ್ಲ ಕಳಕೊಂಡು ತಿರುಗಿ ಬಂದವನನ್ನು ತಂದೆ ದೂರದಿಂದಲೇ ಕಂಡು, ಓಡಿ ಹೋಗಿ ತಬ್ಬುತ್ತಾನೆ. ಲಗಮವ್ವನ ಪದದಲ್ಲಿ ಮಗ ಮಗಳಾಗಿದ್ದಾನೆ. ಕೊಬ್ಬಿದ ಕರುವಿನ ಅಡಿಗೆ ಹೋಗಿ ಹೋಳಿಗೆ ಬಂದಿದೆ. ತಿರುಗಿ ಬಂದವಳಿಗೆ ಉಡಿಸುವುದು ಬನಹಟ್ಟಿ ಮಗ್ಗದ ಸೀರೆ. ಕ್ರೈಸ್ತ ಸಭೆಯ ಹಿರಿಯರಾದ ನಾಮದೇವಪ್ಪ ತಕರಾರು ತೆಗೆದಿದ್ದರು: "ಪುಸ್ತಕದಾಗ ಮಗ ಅಂತ ಐತಿ, ನೀ ಮಗಳು ಅಂತಿ."

"ಖರೇರಿ. ಆದ್ರ ಬೀಸಾಕ ಗಂಡಸ್ರು ಯಾರೂ ಕೂಡಂಗಿಲ್ಲಲ್ರಿ."

ಈಗ ಅವರ ಮನೆಯಲ್ಲೂ ಅದೇ ಪದ.

ಲಗಮವ್ವನ ತವರು ಹುನ್ನೂರ. ಈ ನಂಬಿಕೆ ಹಿಡಿದ ವರ್ಷ ಅಪ್ಪ ಅವಳಿಗೆ ಬಾಗಿಲು ಮುಚ್ಚಿದ. ಸಾಯುವ ತನಕ ತೆರೆಯಲಿಲ್ಲ. ಅದನ್ನು ಹೇಳಿದರೆ ತನ್ನ ಕತೆಯನ್ನು ಯಾರು ನಂಬುತ್ತಾರೆ, ಉಳಿದ ಮೂರು ಮನೆಯೂ ಹೋದಾವೆಂದು ಅವಳಿಗೆ ಅಂಜಿಕೆ.

ಇವತ್ತೂ ಹಿಟ್ಟು ಉದುರುತ್ತಿದೆ, ದನಿ ಏಳುತ್ತಿದೆ:

ಹಾದಿಗೆ ಕಣ್ಣಿಟ್ಟು ಕುಂತಾನ ಹಡೆದಪ್ಪ
ಬಾಗಿಲಿಗೆ ಅಗಳಿ ಹಾಕಿಲ್ಲ, ನನ ಮಗಳು
ಹೋದಾಕಿ ತಿರುಗಿ ಬರತಾಳ

ಎದುರು ಕೂತ ಶಂಕ್ರೆವ್ವನ ಕೈ ನಿಲ್ಲುತ್ತದೆ. "ಲಗಮಕ್ಕಾ, ದಿನಾ ಹಾಡ್ತಿ. ನಿಮ್ಮಪ್ಪ ಹಿಂಗ ಓಡಿ ಬಂದಿದ್ನೇನು?"

ಲಗಮವ್ವ ಒಂದು ಹಿಡಿ ಜೋಳ ಎತ್ತಿಕೊಳ್ಳುತ್ತಾಳೆ, ಕಲ್ಲಿಗೆ ಹಾಕುವುದಿಲ್ಲ.

"ಇಲ್ಲವಾ. ನಮ್ಮಪ್ಪ ಬಾಗಲಾನ ತಗೀಲಿಲ್ಲ. ಓಡಿ ಬರೋ ಅಪ್ಪನ ಕತಿ ಕೇಳೇ ನಾ ಬದುಕೇನಿ."