ಇಂಚಕ್ಕನ ಕುಂಟ

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹಳೇ ಬಟ್ಟೆ ಸರಿಮಾಡಿ ಕೊಡುವ ಹೆಂಗಸೊಬ್ಬಳಿದ್ದಾಳೆ. ಹೊಸದು ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುತ್ತಾಳೆ, ದೊಡ್ಡದನ್ನು ಚಿಕ್ಕದು ಮಾಡುತ್ತಾಳೆ, ಜಿಪ್ಪು ಬದಲಿಸುತ್ತಾಳೆ, ಅಷ್ಟೇ. ಆದರೆ ಯಾರು ಎಷ್ಟೇ ಗೋಗರೆದರೂ ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ಬಿಸಾಡಲು ಒಪ್ಪುವವಳಲ್ಲ. "ಒಂದಿಂಚು ಒಳಗಿರ್ಲಿ. ನಾಳೆ ನೀವು ದಪ್ಪ ಆದ್ರೆ ಬಿಚ್ಚೋಕೆ ಬೇಕಲ್ಲ," ಎಂದು ಮಡಚಿ ಹೊಲಿದುಬಿಡುತ್ತಾಳೆ. ಮೂವತ್ತು ವರ್ಷ ಇದನ್ನೇ ಕೇಳಿದ ಓಣಿಯವರು ಅವಳಿಗೆ ಇಂಚಕ್ಕ ಎಂದು ಹೆಸರಿಟ್ಟರು. ಆ ಅಭ್ಯಾಸ ಅಪ್ಪನದು. ಅಪ್ಪ ದರ್ಜಿ.

ಇಂಚಕ್ಕ ಮದುವೆಯಾಗಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದಾಳೆ. ಅಣ್ಣ ಲಿಫ್ಟ್ ರಿಪೇರಿಯವನು. ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕೆಂದರೆ, ಕುಡಿಯುವುದಿಲ್ಲ. ಉಳಿದಂತೆ ಅವನು ಮೂಗು ತೂರಿಸದ ಜಾಗವಿಲ್ಲ.

ಅವನ ಮಗಳು ಮದುವೆಯಾಗಿ ಹೋಗುವಾಗ ಟೀವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಯನ್ನು ಬಿಟ್ಟುಹೋದಳು. "ಅತ್ತೇ, ಬೇಜಾರಾದಾಗ ಆಡು," ಅಂದಿದ್ದಳು. ಆ ಆಟದಲ್ಲಿ ಎಲ್ಲೂ ಇಲ್ಲದ ಒಂದು ರಾಜ್ಯ, ಏಳು ಕೋಟೆ, ದಾರಿಯುದ್ದಕ್ಕೂ ರಾಕ್ಷಸರು. ಕೈಯಲ್ಲೊಂದು ಕತ್ತಿ, ಜೊತೆಗೆ ಗುರಾಣಿ ಹೊತ್ತ ಮುದಿ ಕಾವಲುಗಾರ. ಅವನು ಕುಂಟುತ್ತಾ ಬರುತ್ತಾನೆ, ದಾರಿಯುದ್ದಕ್ಕೂ ಗೊಣಗುತ್ತಾನೆ, ಏಟು ಬಿದ್ದರೆ ಅಡ್ಡ ನಿಲ್ಲುತ್ತಾನೆ. ನಾವು ಎರಡು ನಿಮಿಷ ಅಲ್ಲಾಡದೆ ನಿಂತರೆ ತಿರುಗಿ ನೋಡಿ, "ಕಾಲು ನೋಯ್ತಿದೆಯಾ? ಕೂತ್ಕೋ. ನಾನು ನೋಡ್ಕೋತೀನಿ," ಅನ್ನುತ್ತಾನೆ.

ಅವನು ಮೊದಲ ಸಲ ಹಾಗಂದಾಗ ಇಂಚಕ್ಕ ದಿನವಿಡೀ ಮಿಷನ್ನು ತುಳಿದು ಬಂದು, ಆಟ ನಿಲ್ಲಿಸಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವಳ ಕಾಲಿನ ಬಗ್ಗೆ ಯಾರೂ ಕೇಳಿರಲಿಲ್ಲ. ಅವಳು ಅತ್ತುಬಿಟ್ಟಳು. ನಗುವವರು ನಗಲಿ.

ಏಳನೆಯ ಕೋಟೆಯ ಕೊನೆಗೊಂದು ಬಾಗಿಲು. ದಾಟಲು ಕಾದಾಡಬೇಕಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಆಗ ಕುಂಟ ಹಿಂದೆ ಉಳಿದು, ಬಾಗಿಲಿಗೆ ಬೆನ್ನು ಕೊಟ್ಟು ಸಾಯುತ್ತಾನೆ, ಆಟ ಮುಗಿಯುತ್ತದೆ. ಅಣ್ಣನ ಮಗಳು ಇದನ್ನು ಫೋನಿನಲ್ಲಿ ಬಾಯಿತಪ್ಪಿ ಹೇಳಿದ ದಿನದಿಂದ ಇಂಚಕ್ಕ ಆ ಬಾಗಿಲ ಮುಂದೆ ನಿಂತವಳು ನಿಂತೇಬಿಟ್ಟಳು. ನಾಲ್ಕು ವರ್ಷ. ದಿನಾ ಸಂಜೆ ಕುಂಟನನ್ನು ಕರೆದುಕೊಂಡು ಹೊಳೆಯವರೆಗೆ ಹೋಗಿ, ಕಾಡು ಸುತ್ತಿ, ಮತ್ತೆ ಬಾಗಿಲ ಹತ್ತಿರ ಬಿಟ್ಟು ಬರುತ್ತಿದ್ದಳು.

ಹೀಗೆ ನಿಂತವಳು ಅವಳೊಬ್ಬಳೇ ಅಲ್ಲ. ಫೋನಿನಲ್ಲಿ "ಹೊಸ್ತಿಲ ಮಂದಿ" ಅಂತ ಒಂದು ಗುಂಪೇ ಇತ್ತು. ಬಸ್ ಡ್ರೈವರ್, ನರ್ಸ್, ರಿಟೈರಾದ ಮೇಷ್ಟ್ರು, ಎಲ್ಲರೂ ಕುಂಟನನ್ನು ಬದುಕಿಸಿಕೊಂಡು ಕೂತವರೇ. ಸಾಯುವಾಗ ಅವನು ಏನೋ ಹೇಳುತ್ತಾನಂತೆ, ಅದನ್ನು ಯಾರೂ ಬಾಯಿಬಿಡಬಾರದು. ಬಾಗಿಲು ದಾಟಿದವರಿಗೆ ಗುಂಪಿನಲ್ಲಿ ಜಾಗವಿಲ್ಲ. ಆಟದಲ್ಲಿ ಒಬ್ಬ ಚೆಲುವೆ ಮಾಟಗಾತಿಯೂ ಇದ್ದಾಳೆ. ಅವಳ ಅಭಿಮಾನಿಗಳು ಬಂದು, "ಆ ಮುದುಕ ಸತ್ರೆ ಪೀಡೆ ತೊಲಗ್ತು," ಎಂದು ಬರೆದಾಗ, ಗಿರಾಕಿಗಳ ಮುಂದೆ ದನಿ ಎತ್ತದ ಇಂಚಕ್ಕ ಅವರ ಜನ್ಮ ಜಾಲಾಡಿದಳು. ಮೇಷ್ಟ್ರು "ಸಮಾಧಾನ ಮಾಡ್ಕೊಳ್ಳಮ್ಮ" ಅಂದರು. ಮೇಷ್ಟ್ರಿಗೂ ಬಿತ್ತು.

"ಅತ್ತೇ, ಆಟಾನ ಎರಡು ಕಡೆ ಸೇವ್ ಮಾಡಿಟ್ಕೋ. ಒಂದು ಹೋದ್ರೆ ಇನ್ನೊಂದಿರುತ್ತೆ," ಎಂದು ಅಣ್ಣನ ಮಗಳು ಬಡಕೊಂಡಳು. ಪ್ರತಿ ಪ್ಯಾಂಟಿನಲ್ಲೂ ಒಂದಿಂಚು ಉಳಿಸುವ ಹೆಂಗಸು ಇದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ. "ಇಬ್ರು ಕುಂಟರಿದ್ರೆ ನಮ್ಮೋನು ಯಾವನೇ? ಇರೋದೊಬ್ಬನೇ," ಅಂದಳು.

ಒಂದು ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಕೊಡಲು ಹೋಗಿ ಬರುವಷ್ಟರಲ್ಲಿ ಟೀವಿಯಲ್ಲಿ ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲಕ್ಕೆ ಹೋಗುತ್ತಿದ್ದವು. ಆಟದ ಗುಂಡಿಗಳು ಅಣ್ಣನ ಕೈಯಲ್ಲಿದ್ದವು.

"ಬಾ ಬಾ," ಅಂದ ಅಣ್ಣ. "ನಾಲ್ಕು ವರ್ಷದಿಂದ ಒಂದು ಬಾಗಿಲ ಮುಂದೆ ಒದ್ದಾಡ್ತಿದ್ದೆಯಲ್ಲ. ನಾನು ದಿನಾ ತೆಗೆಯೋದೇ ಬಾಗಿಲು. ಒಂದು ಗುಂಡಿ ಒತ್ತಿದೆ, ಆಯ್ತು."

ಗೊತ್ತಿಲ್ಲದೆ ಮಾಡಿದ ಪಾಪ ಅಂತ ಯಾರೂ ಅವನ ಪರ ವಹಿಸಬೇಕಿಲ್ಲ. ಆ ಬಾಗಿಲನ್ನು ಯಾಕೆ ದಾಟಬಾರದೆಂದು ಅವಳು ಊಟಕ್ಕೆ ಕೂತಾಗ ನೂರು ಸಲ ಹೇಳಿದ್ದಳು, ನೂರು ಸಲವೂ ಅವನು ನಕ್ಕಿದ್ದ. ಸಂಜೆಯ ಟೀವಿ ತನಗೆ ಸಿಗುವುದಿಲ್ಲ ಅನ್ನುವುದೇ ಅವನ ಹೊಟ್ಟೆಯುರಿ.

ಇಂಚಕ್ಕ ಬಾಗಿಲಲ್ಲೇ ನಿಂತು ಕೇಳಿದಳು. "ಅವನೇನಂದ?"

"ಯಾರು?"

"ಕುಂಟ. ಕೊನೇಲಿ."

"ಓ, ಆ ಮುದುಕನಾ? ಏನೋ ವಟವಟ ಅಂತಿದ್ದ. ಸ್ಕಿಪ್ ಮಾಡ್ದೆ."

ಅವಳು ಅವನ ಕೈಯಿಂದ ಕಿತ್ತುಕೊಂಡು ನೋಡಿದಳು. "ಮುಂದುವರಿಸಿ" ಅನ್ನುವ ಸಾಲು ಮಾಸಿತ್ತು. "ಹೊಸದಾಗಿ ಶುರುಮಾಡಿ" ಅನ್ನುವುದೊಂದೇ ಹೊಳೆಯುತ್ತಿತ್ತು.

"ಅದಕ್ಯಾಕೆ ಮುಖ ಹಂಗೆ ಮಾಡ್ತೀಯ? ಗೊಂಬೆ ತಾನೇ," ಅಂದ ಅಣ್ಣ. "ಮತ್ತೆ ಮೊದಲಿಂದ ಆಡು, ಬರ್ತಾನೆ."

"ಬರೋನು ಬೇರೆಯೋನು. ಅವನಿಗೆ ನಾನ್ಯಾರು ಅಂತಾನೇ ಗೊತ್ತಿರಲ್ಲ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆಯೂ ಅಡುಗೆಮನೆಯಿಂದ ನಕ್ಕಳು. ಇಂಚಕ್ಕ ಗುಂಪಿಗೆ "ನನ್ನ ಬಾಗಿಲು ದಾಟಿಹೋಯ್ತು" ಎಂದು ಬರೆದು, ಯಾರ ಉತ್ತರಕ್ಕೂ ಕಾಯದೆ ಅದರಿಂದ ಹೊರಬಂದಳು. ನಿಯಮ ಅಂದರೆ ನಿಯಮ. ಆಮೇಲೆ ಹತ್ತು ದಿನ ಆ ಮನೆಯಲ್ಲಿ ಅಣ್ಣ ತಂಗಿಗೆ ಮಾತಿಲ್ಲ. ಉಪ್ಪು ಬೇಕಾದರೂ ಅತ್ತಿಗೆಯ ಮೂಲಕವೇ.

ಹನ್ನೊಂದನೆಯ ದಿನ ಅಣ್ಣ ಕೋಟು ಹಿಡಿದುಕೊಂಡು ಅಂಗಡಿಗೆ ಇಳಿದ. ಇಪ್ಪತ್ತೈದು ವರ್ಷ ದುಡಿದದ್ದಕ್ಕೆ ಕಂಪನಿಯಲ್ಲಿ ಅವನಿಗೆ ಸನ್ಮಾನ. ಅವನ ಮದುವೆಗೆ ಅಪ್ಪ ಹೊಲಿದ ಕೋಟು ಅದು. ಬೆನ್ನಿನ ಹೊಲಿಗೆಯ ಒಳಗೆ ಅಪ್ಪ ಧಾರಾಳವಾಗಿ ಬಟ್ಟೆ ಬಿಟ್ಟಿದ್ದರು. ಅಣ್ಣನ ಹೊಟ್ಟೆ ಬೆಳೆದಂತೆಲ್ಲ ಇಂಚಕ್ಕ ಮೂರು ಸಲ ಬಿಚ್ಚಿ ಬಿಡಿಸಿದ್ದರೂ ಇನ್ನೂ ಮಿಕ್ಕಿತ್ತು.

"ಸ್ವಲ್ಪ ಸಡಿಲ ಮಾಡು," ಎಂದು ಮೇಜಿನ ಮೇಲೆ ಎಸೆದು ಹೋದ.

ಅವಳು ಲೈನಿಂಗ್ ಬಿಚ್ಚಿದಳು. ಅಪ್ಪ ಗುರುತಿಗೆ ಹಾಕಿದ ಬಿಳಿ ದಾರ ಹಾಗೇ ಇತ್ತು. ಬೇಕಾದಷ್ಟು ಬಿಡಿಸಿ, ಹೊಸ ಹೊಲಿಗೆ ಹಾಕಿ, ಇಸ್ತ್ರಿ ಮಾಡಿದಳು. ಆಮೇಲೆ ದೊಡ್ಡ ಕತ್ತರಿ ತೆಗೆದುಕೊಂಡಳು. ಮಿಕ್ಕಿದ್ದ ಬಟ್ಟೆಯನ್ನು ಹೊಲಿಗೆಯ ಪಕ್ಕಕ್ಕೇ ಕತ್ತರಿಸಿದಳು, ಎರಡೂ ಕಡೆ, ಮೇಲಿಂದ ಕೆಳಗಿನವರೆಗೆ. ಆ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕಲು ಮಾತ್ರ ಅವಳಿಂದ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಕೋಟು ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿದ. ಹೇಳಿ ಮಾಡಿಸಿದಂತೆ ಕೂತಿತ್ತು.

"ಅಪ್ಪ ಪುಣ್ಯಾತ್ಮ. ಒಳಗೆ ಇನ್ನೂ ಇದೆಯಲ್ಲ? ಇನ್ನು ಹತ್ತು ವರ್ಷ ದಪ್ಪ ಆದ್ರೂ ಚಿಂತೆ ಇಲ್ಲ."

"ಇಲ್ಲ. ಕತ್ತರಿಸಿದೆ."

ಅವನು ತಮಾಷೆ ಅಂದುಕೊಂಡು ನಕ್ಕ. ಆಮೇಲೆ ಮೇಜಿನ ಮೇಲೆ ಆ ಎರಡು ಪಟ್ಟಿಗಳು, ಬಿಳಿ ದಾರದ ಸಮೇತ, ಅವನ ಕಣ್ಣಿಗೆ ಬಿದ್ದವು.

"ಅಪ್ಪ ಬಿಟ್ಟಿದ್ದು ಕಣೇ ಅದು! ಅಪ್ಪನ ಕೈಯದು ಅಂತ ನನ್ನ ಹತ್ರ ಇದ್ದಿದ್ದು ಇದೊಂದೇ!"

"ಬಟ್ಟೆ ತಾನೇ, ಅಣ್ಣ," ಅಂದಳು ಇಂಚಕ್ಕ. "ಮತ್ತೆ ಮೊದಲಿಂದ ಹೊಲಿಸ್ಕೋ."

ಅವಳು ಮಿಷನ್ನಿಗೆ ಕೂತು ಯಾರದೋ ಪ್ಯಾಂಟು ಎತ್ತಿಕೊಂಡಳು. ಅಣ್ಣ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದ. ಅವಳು ತಲೆ ಎತ್ತಲಿಲ್ಲ, "ಕಾಲು ನೋಯ್ತಿದೆಯಾ? ಕೂತ್ಕೋ," ಅನ್ನಲೂ ಇಲ್ಲ.