ವರಲಕ್ಷ್ಮಮ್ಮನವರು ಬೀಟಾ ಹಾಕಿಸಿಕೊಂಡದ್ದು

ವರಲಕ್ಷ್ಮಮ್ಮನವರಿಗೆ ಯಾರಾದರೂ ಕರೆದರೆ ಇಲ್ಲವೆನ್ನಲು ಬರುವುದಿಲ್ಲ. ಮೊದಲ ಸಲ ಕರೆದಾಗ "ಅಯ್ಯೋ, ಯಾಕೆ ತೊಂದರೆ" ಎನ್ನುತ್ತಾರೆ. ಎರಡನೇ ಸಲ "ಇನ್ನೊಂದ್ಸಲ ಬರ್ತೀವಿ ಬಿಡಿ" ಎನ್ನುತ್ತಾರೆ. ಮೂರನೇ ಸಲವೂ ಕರೆದರೆ ಸೀರೆ ಬದಲಾಯಿಸಿ ಹೊರಟೇಬಿಡುತ್ತಾರೆ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಊರವರ ಬೈಗುಳಕ್ಕೆಲ್ಲ "ದಯವಿಟ್ಟು ಲೈನಿನಲ್ಲಿರಿ" ಎಂದು ಉತ್ತರ ಕೊಟ್ಟ ನಾಲಿಗೆ ಅದು. ನಿವೃತ್ತಿಯಾಗಿ, ಗಂಡ ಕೇಶವಮೂರ್ತಿಯವರ ಜೊತೆ ಅಮೆರಿಕದ ಆಶ್‌ಬರ್ನಿನಲ್ಲಿರುವ ಮಗನ ಮನೆಗೆ ಬಂದು ನೆಲೆಸಿದ ಮೇಲೂ ಆ ಉಪಚಾರ ಬಿಟ್ಟುಹೋಗಲಿಲ್ಲ. ಆದ್ದರಿಂದ ಮನೆಯ ಕಂಪ್ಯೂಟರ್ ಕರೆದಾಗಲೂ ಅದೇ ಆಯಿತು.

ಆ ಕಂಪ್ಯೂಟರ್ ಮಗ ಆದಿತ್ಯನದು. ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟ ಮೇಲೆ ಅವನು ಅದರತ್ತ ತಿರುಗಿ ನೋಡಿರಲಿಲ್ಲ. ಅದು ಊಟದ ಕೋಣೆಯ ಮೂಲೆ ಸೇರಿ ವರಲಕ್ಷ್ಮಮ್ಮನವರ ಪಾಲಿಗೆ ಬಂದಿತ್ತು. ಕಾರಿಲ್ಲದೆ ಹೊಸಿಲು ದಾಟಲಾಗದ ಊರು. ಹಿಂಬದಿಗೆ ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು, ಮುಂದೆ ಒಂದೇ ಅಚ್ಚಿನ ಟೌನ್‌ಹೌಸ್‌ಗಳು. ಮಾತಾಡಿಸುವವರು ಬೇಕೆಂದರೆ ಭಾನುವಾರ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಕರೆದೊಯ್ಯುವವರೆಗೆ ಕಾಯಬೇಕು. ಮಿಕ್ಕ ದಿನ ತಂಗಿಯ ಜೊತೆ ವಿಡಿಯೋ ಕಾಲು, ಭಜನೆ, ಮೈಸೂರಿನ ಸುದ್ದಿ, ಎಲ್ಲಾ ಆ ಪರದೆಯಲ್ಲೇ.

ಆದಿತ್ಯ ಎಂದೋ ಬೀಟಾಕ್ಕೆ, ಅಂದರೆ ಇನ್ನೂ ಪೂರ್ತಿ ಬೇಯದ ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಹಾಕಿಕೊಂಡು ರುಚಿ ನೋಡುವವರ ಗುಂಪಿಗೆ, ಹೆಸರು ಕೊಟ್ಟು ಮರೆತಿದ್ದ. ಕರೆಯೋಲೆ ಈಗ ಬಂತು. ಎಲ್ಲರಿಗಿಂತ ಮೊದಲು ಬಳಸಿ ನೋಡುತ್ತೀರಾ ಎಂದು ಪರದೆಯ ಮೇಲೆ ಚೌಕ ಮೂಡಿ ಕೇಳಿತು. ವರಲಕ್ಷ್ಮಮ್ಮ 'ಆಮೇಲೆ' ಒತ್ತಿದರು. ಮರುದಿನ ಮತ್ತೆ ಕೇಳಿತು. ಮತ್ತೆ 'ಆಮೇಲೆ'. ಮೂರನೇ ದಿನವೂ ಅಷ್ಟೇ ವಿನಯದಿಂದ ಕೇಳಿದಾಗ ಅವರಿಗೇ ನಾಚಿಕೆಯಾಯಿತು. 'ಆಗಲಿ' ಒತ್ತಿಬಿಟ್ಟರು.

ಅಂದಿನಿಂದ ಕಂಪ್ಯೂಟರಿಗೆ ಸ್ವಲ್ಪ ಹುಚ್ಚು ಹಿಡಿಯಿತು. ಭಜನೆ ನಡುವೆ ಗೊರಗೊರ ಎನ್ನುವುದು, ತಂಗಿಯ ಮುಖ ಇದ್ದಕ್ಕಿದ್ದಂತೆ ಹಸಿರಾಗುವುದು. ಪರದೆಯ ಮೂಲೆಯಲ್ಲಿ ಬೀಟಾ ಎಂಬ ಸಣ್ಣ ಅಕ್ಷರ ಬೇರೆ.

"ಸುಮ್ನಿರಲಾರದೆ ಇರುವೆ ಬಿಟ್ಕೊಂಡೆ ನೋಡು," ಎಂದರು ಕೇಶವಮೂರ್ತಿ, ಸೋಫಾದಿಂದ ಏಳದೆ. ವರಲಕ್ಷ್ಮಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗಿಂತ ಮೊದಲು ತಮಗೇ ಬಂತಲ್ಲ ಎಂಬ ಹೆಮ್ಮೆಯೂ ಅವರಿಗೆ ಒಳಗೊಳಗೇ ಇತ್ತು.

ಹೆಮ್ಮೆ ಇಳಿದದ್ದು ಒಂದು ಗುರುವಾರ ಮಧ್ಯಾಹ್ನ. ಆದಿತ್ಯ ಕೆಲಸದ ಮೇಲೆ ದೂರದ ಷಾರ್ಲೆಟ್‌ಗೆ ಹೋಗಿದ್ದ. ಸೊಸೆ ರಚನಾ ಅಡುಗೆಮನೆಗೆ ಬಂದು, ನೀರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಅತ್ತೆ, ನಾಳೆ ಬೆಳಿಗ್ಗೆ ನಂಗೆ ಕಂಪ್ಯೂಟರ್ ಬೇಕಿತ್ತು. ಎಗ್ಸಾಮ್ ಇದೆ, ಲ್ಯಾಬ್ ಸರ್ಟಿಫಿಕೇಟ್‌ದು. ಮನೇಲೇ ಕೂತು ಬರೀಬಹುದು, ಕ್ಯಾಮೆರಾದಲ್ಲಿ ನೋಡ್ತಿರ್ತಾರೆ."

ವರಲಕ್ಷ್ಮಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು. ಇಂಥ ಪರೀಕ್ಷೆ ಇದೆಯೆಂದು ಅವರಿಗೆ ಗೊತ್ತಾದದ್ದೇ ಆಗ. ರಚನಾ ಮೈಸೂರಿನಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವೀಸಾದ ಕಟ್ಟಳೆಯಿಂದ ಕೆಲಸ ಮಾಡುವ ಹಾಗಿರಲಿಲ್ಲ. ಈಗ ಅನುಮತಿ ಸಿಕ್ಕಿತ್ತು. ಇದು ಪಾಸಾದರೆ ಒಂದು ಆಸ್ಪತ್ರೆಯ ಲ್ಯಾಬಿನವರು ತೆಗೆದುಕೊಳ್ಳುತ್ತೇವೆ ಎಂದಿದ್ದರು. ತಪ್ಪಿದರೆ ಆ ಜಾಗ ಬೇರೆಯವರಿಗೆ.

ರಚನಾ ಫೋನಿನಲ್ಲಿ ಸೂಚನೆಗಳನ್ನು ಓದಿದಳು. "ಬೀಟಾ ವರ್ಷನ್ ಇದ್ರೆ ಎಗ್ಸಾಮ್ ಓಪನ್ನೇ ಆಗಲ್ವಂತೆ. ನಮ್ದು ಮಾಮೂಲಿದು, ಪ್ರಾಬ್ಲಂ ಇಲ್ಲ." ಕಾರಿನ ಕೀ ತೆಗೆದುಕೊಂಡು ಮಗಳು ಅಕ್ಷಯಾಳನ್ನು ಸ್ಕೂಲಿನಿಂದ ಕರೆತರಲು ಹೊರಟಳು.

ಹೇಳಬೇಕಿತ್ತು. ಹೇಳುವ ಬದಲು ಹುರುಳಿಕಾಯಿ ಹೆಚ್ಚುತ್ತಲೇ ಇದ್ದರು. ಗ್ಯಾರೇಜಿನ ಬಾಗಿಲು ಮುಚ್ಚಿದ್ದೇ ವರಲಕ್ಷ್ಮಮ್ಮ ಕಂಪ್ಯೂಟರಿನ ಮುಂದೆ ಕೂತರು. ಹುಡುಕಿ ಹುಡುಕಿ, ಹಳೆಯದಕ್ಕೆ ಮರಳುವ ಗುಂಡಿಯೊಂದನ್ನು ಪತ್ತೆ ಮಾಡಿ ಒತ್ತಿದರು. ಪರದೆ ಕಪ್ಪಾಯಿತು. ನಡುವೆ ಚುಕ್ಕಿಗಳು ಗಿರಗಿರ ಸುತ್ತತೊಡಗಿದವು. ಸುತ್ತಿದವು, ಸುತ್ತುತ್ತಲೇ ಇದ್ದವು. ಅವರು ದೇವರ ಗೂಡಿನತ್ತ ತಿರುಗಿ ಕೈಮುಗಿದರು. ಚುಕ್ಕಿಗಳೂ ನಿಂತುಹೋದವು. ಈಗ ಏನು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

"ತಾನಾಗೇ ಕೆಟ್ಟೋಯ್ತು ಅನ್ನು," ಎಂದರು ಕೇಶವಮೂರ್ತಿ. "ಹಳೇ ಕಂಪ್ಯೂಟರು, ಯಾರು ಕೇಳ್ತಾರೆ?"

ಸಲಹೆ ಕೆಟ್ಟದಾಗಿತ್ತು, ಹಿತವಾಗಿಯೂ ಇತ್ತು. ನಿಜ ಹೇಳಿದರೆ 'ಅಮ್ಮನ ಕೈಗೆ ಕಂಪ್ಯೂಟರ್ ಕೊಡಬೇಡಿ' ಎಂಬ ಮಾತು ಹುಟ್ಟುತ್ತದೆ. ಅದು ಹೋದರೆ ಈ ಮನೆಯಲ್ಲಿ ತಮಗೆ ಉಳಿಯುವುದೇನು? ಆದರೆ ಸುಳ್ಳು ಹೇಳಿದರೆ ಹುಡುಗಿ ಅದನ್ನು ರಿಪೇರಿ ಮಾಡುತ್ತ ಬೆಳಗಿನವರೆಗೆ ಕೂರುತ್ತಾಳೆ, ಪರೀಕ್ಷೆ ಕೈತಪ್ಪುತ್ತದೆ. ಅಷ್ಟರಲ್ಲಿ ಕಾರು ಬಂತು. ಮಗು ಬ್ಯಾಗೆಸೆದು ಮಹಡಿ ಹತ್ತುವವರೆಗೆ ಕಾದು, ವರಲಕ್ಷ್ಮಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟರು.

ರಚನಾ ಕಪ್ಪು ಪರದೆಯನ್ನು ನೋಡಿದಳು. ಈ ಮನೆಯಲ್ಲಿ ಅತ್ತೆಯೆದುರು ಒಮ್ಮೆಯೂ ದನಿ ಏರಿಸದವಳು ಅವಳು. ಸಾರಿಗೆ ಉಪ್ಪು ಎರಡು ಸಲ ಬಿದ್ದರೂ ಪರವಾಗಿಲ್ಲ ಅತ್ತೆ ಎನ್ನುವವಳು.

"ಯಾರು ಹೇಳಿದ್ದು ನಿಮಗೆ ಅದನ್ನ ಹಾಕ್ಕೊಳಕ್ಕೆ!" ಎಂದು ಕೂಗಿದಳು. "ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ? ನಾನು ಕೆಲಸಕ್ಕೆ ಹೋಗ್ಬಾರ್ದು ಅಂತಾನೇ ಮಾಡಿದ್ರಾ?"

ಸೋಫಾದ ಮೇಲಿದ್ದ ಕೇಶವಮೂರ್ತಿಯವರು ಎದ್ದು ಕೂತರು. ವರಲಕ್ಷ್ಮಮ್ಮನವರಿಗೆ ಕೆನ್ನೆಗೆ ಹೊಡೆದಂತಾಯಿತು.

"ಪರೀಕ್ಷೆ ಇದೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲವಲ್ಲಮ್ಮ," ಎಂದರು. "ನೀನು ಯಾಕೆ ಹೇಳ್ಲಿಲ್ಲ?"

ರಚನಾ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಗಂಡನ ಲ್ಯಾಪ್‌ಟಾಪ್ ಆಫೀಸಿನದು, ಅವನ ಜೊತೆಗೇ ಷಾರ್ಲೆಟ್‌ನಲ್ಲಿತ್ತು. ಲೈಬ್ರರಿಯಲ್ಲಿ ಬರೆಯುವಂತಿಲ್ಲ, ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು.

ಆಗ ವರಲಕ್ಷ್ಮಮ್ಮ ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದರು. ದೇವಸ್ಥಾನದಲ್ಲಿ ಪರಿಚಯವಾದ, ಹತ್ತು ನಿಮಿಷದ ದಾರಿಯಲ್ಲಿದ್ದ ಶ್ರೀದೇವಿಗೆ ಫೋನ್ ಮಾಡಿ, ಊಟ ಆಯಿತಾ ಎಂದೂ ಕೇಳದೆ ಹೇಳಿದರು: "ನಾಳೆ ಬೆಳಿಗ್ಗೆ ನಿಮ್ಮ ಕಂಪ್ಯೂಟರು ನನ್ನ ಸೊಸೆಗೆ ಬೇಕು. ಒಂದು ರೂಮು ಬೇಕು. ಅಲ್ಲಿಗೆ ಯಾರೂ ಬರಬಾರ್ದು."

"ಬನ್ನಿ ಆಂಟಿ," ಎಂದಳು ಶ್ರೀದೇವಿ, ಸ್ವಲ್ಪ ಬೆಚ್ಚಿ.

ಮರುದಿನ ಬೆಳಿಗ್ಗೆ ಕರೆಯದಿದ್ದರೂ ವರಲಕ್ಷ್ಮಮ್ಮ ಹೋಗಿ ಕಾರಿನಲ್ಲಿ ಕೂತರು. ರಚನಾ ಬೇಡವೆನ್ನಲಿಲ್ಲ.

ಶ್ರೀದೇವಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಗಿಲು ಮುಚ್ಚಿತು. ಮೇಲೆ ಅಡುಗೆಮನೆಯಲ್ಲಿ ಕಾಫಿ ಆರಿತು. ರಚನಾ ಪಾಸಾಗಲಿ ಎಂದು ವರಲಕ್ಷ್ಮಮ್ಮ ಮನಸ್ಸಿನಲ್ಲೇ ಬೇಡಿಕೊಂಡರು. ಆ ಬೇಡಿಕೆಯ ಹಿಂದೆಯೇ, ಯಾರೂ ಕರೆಯದೆ, ಇನ್ನೊಂದು ಯೋಚನೆ ಬಂದು ನಿಂತಿತು. ಇವಳು ಕೆಲಸಕ್ಕೆ ಹೋದರೆ ಬೆಳಗಿನಿಂದ ಸಂಜೆವರೆಗೆ ಆ ಮನೆ ಬಿಕೋ ಎನ್ನುತ್ತದೆ. ಬೆಲ್ಲಾದರೆ ಬಾಗಿಲು ತೆಗೆಯಬೇಕೋ ಬಾರದೋ ಹೇಳುವವರಿಲ್ಲ. ಇವರಿಗೆ ಎದೆನೋವು ಬಂದರೆ ಇಂಗ್ಲಿಷಿನಲ್ಲಿ ಯಾರಿಗೆ ಏನೆಂದು ಹೇಳುವುದು? ನಿನ್ನೆ ಅವಳು ಕೂಗಿದ ಮಾತು ನೆನಪಾಗಿ ಅವರಿಗೆ ತಮ್ಮ ಮೇಲೇ ಅನುಮಾನ ಬಂತು. ಬೀಟಾ ಒತ್ತಿದ್ದು ಬೇಕೆಂದಲ್ಲ, ಅದು ಖಂಡಿತ. ಆದರೆ ಪರೀಕ್ಷೆ ನಡೆಯದಿದ್ದರೆ ತಮಗೆ ನಿಜವಾಗಿಯೂ ದುಃಖವಾಗುತ್ತಿತ್ತೇ? ಆ ಪ್ರಶ್ನೆಗೆ ಅವರು ಹೆದರಿದರು.

ಬಾಗಿಲು ತೆರೆಯಿತು. ರಚನಾ ಮೆಟ್ಟಿಲು ಹತ್ತಿ ಬಂದಳು.

"ಪಾಸ್," ಎಂದಳು. ಶ್ರೀದೇವಿ ಓಡಿಹೋಗಿ ಅಪ್ಪಿಕೊಂಡಳು. ಅವಳ ಹೆಗಲ ಮೇಲಿನಿಂದ ರಚನಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ವರಲಕ್ಷ್ಮಮ್ಮ ನಕ್ಕರು, ಕಣ್ಣಲ್ಲಿ ನೀರೂ ಬಂತು.

ಕಾರಿನಲ್ಲಿ ಕೂತ ಮೇಲೆ ರಚನಾ ಕೀ ತಿರುಗಿಸಲಿಲ್ಲ.

"ನಿನ್ನೆ ಕೇಳಿದ್ರಲ್ಲ ಅತ್ತೆ, ಯಾಕೆ ಹೇಳ್ಲಿಲ್ಲ ಅಂತ. ಹೇಳಿದ್ರೆ ನೀವು ಬೇಡ ಅಂತೀರೇನೋ ಅನ್ನಿಸ್ತು."

ಛೆ ಛೆ, ನಾನ್ಯಾಕೆ ಹಾಗಂತೀನಿ ಎಂಬ ಮಾತು ವರಲಕ್ಷ್ಮಮ್ಮನವರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಅಂತಿದ್ನೇನೋ ಕಣಮ್ಮ," ಎಂದರು. "ನೀನಿಲ್ದೆ ಹಗಲೆಲ್ಲಾ ಆ ಮನೇಲಿರಕ್ಕೆ ನಂಗೆ ಭಯ. ನಿಮ್ಮ ಮಾವ ಇದ್ದೂ ಇಲ್ದಂಗೆ."

"ಗೊತ್ತು ಅತ್ತೆ," ಎಂದಳು ರಚನಾ. "ನೀವು ಬರೋಕ್ಮುಂಚೆ ನಾಲ್ಕು ವರ್ಷ ಆ ಮನೇಲಿ ನಾನೊಬ್ಳೇ ಇದ್ದೆ."